ನೂರು ಪರ್ಸೆಂಟ್ ಯಾರ ಕಣ್ಣಿಗೆ?

ಬ್ರೌಸರ್‌ನಲ್ಲಿ ಅಕ್ಷರ ವಿಪರೀತ ದೊಡ್ಡದಾಗಿದೆ, ಪುಟ ಚೆಲ್ಲಾಪಿಲ್ಲಿಯಾಗಿದೆ, ಮೆನು ಕಾಣುತ್ತಿಲ್ಲ ಎಂದು ಯಾರೇ ಹೇಳಿಕೊಳ್ಳಲಿ, ಸುತ್ತಲಿದ್ದವರ ಬಾಯಲ್ಲಿ ಬರುವುದು ಒಂದೇ ಮದ್ದು: ಕಂಟ್ರೋಲ್ ಹಿಡಿದು ಸೊನ್ನೆ ಒತ್ತು. ಒತ್ತಿದರೆ ಪುಟ ನೂರು ಪರ್ಸೆಂಟಿಗೆ ಮರಳುತ್ತದೆ. ಹೇಳಿದವರು ಕೆಲಸ ಮುಗಿಯಿತೆಂದು ಎದ್ದು ಹೋಗುತ್ತಾರೆ. ಕೇಳಿದವರು ಕನ್ನಡಕ ಹಣೆಗೇರಿಸಿ, ಮೂಗು ಪರದೆಗೆ ತಾಗುವಷ್ಟು ಬಗ್ಗಿ ಓದಲು ಕೂರುತ್ತಾರೆ. ಸಂಜೆಯೊಳಗೆ ಅವರೇ ಮತ್ತೆ ದೊಡ್ಡದು ಮಾಡಿಕೊಂಡಿರುತ್ತಾರೆ, ಪುಟ ಮತ್ತೆ ಚೆಲ್ಲಾಪಿಲ್ಲಿ.

ಆ ಸೊನ್ನೆಯ ಬಗ್ಗೆ ನನಗೆ ತಕರಾರಿದೆ. ನೂರು ಪರ್ಸೆಂಟ್ ಎನ್ನುವುದು ಸರಿಯಾದ ಅಳತೆ, ಉಳಿದದ್ದೆಲ್ಲ ಕೆಟ್ಟುಹೋದ ಸ್ಥಿತಿ ಎಂಬ ನಂಬಿಕೆ ಅದರ ಹಿಂದಿದೆ. ನಿಜದಲ್ಲಿ ನೂರು ಎಂಬುದು ಒಂದು ಅಂದಾಜು. ವೆಬ್ ಪುಟಗಳ ರೂಪ ತೀರ್ಮಾನಿಸುವ ಸಿಎಸ್‌ಎಸ್‌ನ ಲೆಕ್ಕದಲ್ಲಿ ಒಂದು ಪಿಕ್ಸೆಲ್ ಅಂದರೆ, ಇಂಚಿಗೆ 96 ಚುಕ್ಕೆಗಳಿರುವ ಪರದೆಯನ್ನು ಕೈಚಾಚಿದಷ್ಟು ದೂರದಿಂದ, ಅಂದರೆ 28 ಇಂಚಿನಿಂದ ನೋಡಿದಾಗ ಒಂದು ಚುಕ್ಕೆ ಎಷ್ಟು ಕಾಣುತ್ತದೋ ಅಷ್ಟು. ಸಾಮಾನ್ಯ ಬರಹಕ್ಕೆ ಬ್ರೌಸರ್‌ಗಳು ಇಟ್ಟುಕೊಂಡಿರುವ ಅಳತೆ 16 ಪಿಕ್ಸೆಲ್. 1366ಕ್ಕೆ 768 ಚುಕ್ಕೆಗಳ, 15.6 ಇಂಚಿನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಈ 16 ಪಿಕ್ಸೆಲ್‌ಗೆ ಸುಮಾರು 4 ಮಿಲಿಮೀಟರ್ ಎತ್ತರದ ಜಾಗ ಸಿಗುತ್ತದೆ. ಅದೇ 15.6 ಇಂಚಿನಲ್ಲಿ 1920ಕ್ಕೆ 1080 ಚುಕ್ಕೆ ತುಂಬಿದ ಹೊಸ ಲ್ಯಾಪ್‌ಟಾಪ್ ತಂದು, ಪರದೆಯ ಮೇಲಿನದನ್ನೆಲ್ಲ ಹಿಗ್ಗಿಸುವ ವಿಂಡೋಸ್‌ನ ಸ್ಕೇಲ್ ಅನ್ನೂ ನೂರಕ್ಕೇ ಇಟ್ಟರೆ 2.9 ಮಿಲಿಮೀಟರ್. ಮಗ ಬೆಂಗಳೂರಿನಿಂದ ಒಳ್ಳೆಯ ಲ್ಯಾಪ್‌ಟಾಪ್ ಕಳಿಸಿಕೊಟ್ಟ, ಆದರೆ ಹಳೆಯದರಲ್ಲೇ ಓದಲು ಹಿತವಿತ್ತು ಎಂದು ಅಪ್ಪ ಗೊಣಗುವುದು ಸುಮ್ಮನೆ ಅಲ್ಲ. ನಲವತ್ತು ದಾಟಿ ಚಾಳೀಸು ಬಂದ ಕಣ್ಣಿಗೆ ಒಂದು ಮಿಲಿಮೀಟರ್ ದೊಡ್ಡ ಸಂಗತಿ.

ನಾನು ಶಿರಸಿಯಲ್ಲಿ ಕೂತು ಹೋಮ್‌ಸ್ಟೇ, ಸಹಕಾರಿ ಸಂಘ, ಯಕ್ಷಗಾನ ತಂಡ ಇಂಥವಕ್ಕೆ ಜಾಲತಾಣ ಮಾಡಿಕೊಡುವವಳು. ಪುಟ ಮಾಡುವವಳಿಗೆ ಪುಟ ರಿಪೇರಿಯೂ ಗೊತ್ತಿರಬೇಕು ಎಂಬುದು ನೆಂಟರ ತರ್ಕ. ಅದರಲ್ಲಿ ತಪ್ಪೂ ಇಲ್ಲ. ಬರುವ ಕರೆಗಳಲ್ಲಿ ದೊಡ್ಡ ಪಾಲು ಈ ಅಳತೆಯ ತೊಂದರೆಯೇ. ವೈರಸ್ ಬಂತು, ಹ್ಯಾಕ್ ಆಯಿತು ಎಂದೆಲ್ಲ ಶುರುವಾಗಿ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ.

ಫೋನಿನಲ್ಲಿ ವರ್ಣನೆ ಕೇಳುವುದನ್ನು ಬಿಟ್ಟಿದ್ದೇನೆ. ಪರದೆಯದೊಂದು ಫೋಟೋ ಹೊಡೆದು ವಾಟ್ಸ್‌ಆ್ಯಪ್ ಮಾಡಿ ಎನ್ನುತ್ತೇನೆ. ಸ್ಕ್ರೀನ್‌ಶಾಟ್ ಬೇಡ, ಮೊಬೈಲಿನಲ್ಲಿ ಹೊಡೆದದ್ದೇ ಬೇಕು. ಪರದೆಯ ಅಂಚು, ಕೆಳಗಿನ ಟಾಸ್ಕ್‌ಬಾರ್, ಪಕ್ಕದಲ್ಲಿಟ್ಟ ಕವಳದ ಬಟ್ಟಲು ಎಲ್ಲ ಸೇರಿ ಬಂದರೆ ಯಾವುದು ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ. ಏಕೆಂದರೆ ಪರದೆಯಲ್ಲಿ ಝೂಮ್ ಒಂದೇ ಕಡೆ ಇಲ್ಲ. ಪರದೆಯ ರೆಸಲ್ಯೂಶನ್ (ಎಷ್ಟು ಚುಕ್ಕೆಗಳಲ್ಲಿ ತೋರಿಸಬೇಕೆಂಬ ಲೆಕ್ಕ), ವಿಂಡೋಸ್‌ನ ಸ್ಕೇಲ್, ಬ್ರೌಸರ್‌ನ ಡೀಫಾಲ್ಟ್ ಅಳತೆ, ಆ ಒಂದು ಜಾಲತಾಣಕ್ಕೆ ಮಾತ್ರ ಇಟ್ಟ ಅಳತೆ, ಫಾಂಟ್ ಗಾತ್ರ, ಟಚ್‌ಪ್ಯಾಡ್ ಮೇಲೆ ಎರಡು ಬೆರಳು ಅಗಲಿಸಿದಾಗ ಆಗುವ ಹಿಗ್ಗುವಿಕೆ ಇವೆಲ್ಲ ಒಂದರ ಮೇಲೊಂದು ಕೂತಿರುತ್ತವೆ. ಒಂದು ಪದರದಲ್ಲಿ ಕೆಟ್ಟದ್ದನ್ನು ಇನ್ನೊಂದರಲ್ಲಿ ಸರಿಮಾಡಹೊರಟರೆ ಎರಡೂ ಕೆಡುತ್ತವೆ.

ಫೋಟೋದಲ್ಲಿ ಮೊದಲು ನೋಡುವುದು ಪುಟವನ್ನಲ್ಲ, ಪುಟದ ಹೊರಗಿನದನ್ನು. ಟಾಸ್ಕ್‌ಬಾರ್‌ನ ಚಿತ್ರಗಳೂ ದಪ್ಪವಾಗಿದ್ದರೆ ಬ್ರೌಸರ್‌ನದೇನೂ ತಪ್ಪಿಲ್ಲ. ದಪ್ಪವಾಗಿಯೂ ಸ್ಪಷ್ಟವಾಗಿದ್ದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ಕೇಲ್ ಏರಿದೆ. ದಪ್ಪವಾಗಿ ಮಸುಕಾಗಿದ್ದರೆ ರೆಸಲ್ಯೂಶನ್ ಇಳಿದಿದೆ. ಇದು ಹೆಚ್ಚಾಗಿ ಟಿವಿಗೋ ಪ್ರೊಜೆಕ್ಟರಿಗೋ ಜೋಡಿಸಿ ಬಿಚ್ಚಿದ ಮೇಲೆ ಆಗುವಂಥದ್ದು. ಇಡೀ ಪರದೆಯೇ ಉಬ್ಬಿ, ಮೌಸ್ ಸರಿಸಿದತ್ತ ಜಾರುತ್ತಿದ್ದರೆ ಅದು ವಿಂಡೋಸ್‌ನ ಮ್ಯಾಗ್ನಿಫೈಯರ್. ಕಂಟ್ರೋಲ್ ಬದಲು ಪಕ್ಕದ ವಿಂಡೋಸ್ ಬಟನ್ ಹಿಡಿದು ಪ್ಲಸ್ ಒತ್ತಿದರೆ ಅದು ಏಳುತ್ತದೆ. ವಿಂಡೋಸ್ ಬಟನ್ ಜೊತೆ ಎಸ್ಕೇಪ್ ಒತ್ತಿದರೆ ಮಲಗುತ್ತದೆ. ಈ ಒಂದು ಸಂಗತಿ ಗೊತ್ತಿಲ್ಲದೆ ವಿಂಡೋಸ್ ಮತ್ತೆ ಹಾಕಿಸಲು ಅಂಗಡಿಗೆ ಹೊತ್ತುಕೊಂಡು ಹೋದವರಿದ್ದಾರೆ.

ಟಾಸ್ಕ್‌ಬಾರ್, ಟ್ಯಾಬ್‌ಗಳು, ಅಡ್ರೆಸ್ ಬಾರ್ ಎಲ್ಲ ಮಾಮೂಲಿಯಾಗಿದ್ದು ಒಳಗಿನ ಪುಟ ಮಾತ್ರ ದೊಡ್ಡದಿದ್ದರೆ ಬ್ರೌಸರ್‌ನ ಝೂಮ್. ಆಗ ಕ್ರೋಮ್‌ನಲ್ಲಿ ಅಡ್ರೆಸ್ ಬಾರ್‌ನ ಬಲತುದಿಗೆ ಸಣ್ಣ ಭೂತಗನ್ನಡಿ ಇರುತ್ತದೆ, ಫೈರ್‌ಫಾಕ್ಸ್‌ನಲ್ಲಿ ಪರ್ಸೆಂಟ್ ಅಂಕಿಯೇ ಕಾಣುತ್ತದೆ. ಎರಡೂ ಇಲ್ಲ, ಆದರೂ ಪುಟ ದೊಡ್ಡದು, ಅರ್ಧ ಪುಟ ಪರದೆಯಾಚೆ ಹೋಗಿದೆ ಎಂದಾದರೆ ಟಚ್‌ಪ್ಯಾಡ್ ಮೇಲೆ ಬೆರಳಾಡಿದೆ. ಈ ಎರಡಕ್ಕೂ ಇರುವ ವ್ಯತ್ಯಾಸ ಹಲವರಿಗೆ ಗೊತ್ತಿಲ್ಲ. ಕಂಟ್ರೋಲ್-ಪ್ಲಸ್ ಒತ್ತಿದಾಗ ಬ್ರೌಸರ್ ಇಡೀ ಪುಟವನ್ನು ಹೊಸದಾಗಿ ಜೋಡಿಸುತ್ತದೆ, ಸಾಲುಗಳು ಮುರಿದು ಕೆಳಗಿಳಿಯುತ್ತವೆ. ಬೆರಳು ಅಗಲಿಸಿದಾಗ ಜೋಡಣೆ ಇದ್ದಂತೆಯೇ ಇದ್ದು ಚಿತ್ರ ಮಾತ್ರ ಹತ್ತಿರ ಬರುತ್ತದೆ. ಹಾಗಾಗಿ ಮೊದಲನೆಯದರಲ್ಲಿ ಪುಟದ ಆಕಾರ ಬದಲಾಗುತ್ತದೆ, ಎರಡನೆಯದರಲ್ಲಿ ಪುಟದ ಒಂದು ತುಂಡು ಮಾತ್ರ ಉಳಿಯುತ್ತದೆ. ಓದುವುದಕ್ಕೆ ಮೊದಲನೆಯದು, ಒಂದು ಅಂಕಿಯನ್ನೋ ಸಹಿಯನ್ನೋ ಇಣುಕಿ ನೋಡುವುದಕ್ಕೆ ಎರಡನೆಯದು.

ಅಪ್ಪಚ್ಚಿಯ, ಅಂದರೆ ಚಿಕ್ಕಪ್ಪನ, ಅಡಿಕೆ ದರದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನಗೆ ಈ ಜೋಡಣೆಯ ಲೆಕ್ಕವನ್ನು ಬೇರೆಯವರಿಗೆ ವಿವರಿಸಲು ಒದಗಿದ್ದು ಅದೇ. ಮೆತ್ತಿನ ಮೇಲೆ ಚಾಲಿ ಅಡಿಕೆಯ ಚೀಲ ಪೇರಿಸಿಟ್ಟುಕೊಂಡು ದರ ಏರುವುದನ್ನು ಕಾಯುವವರು ಅವರು. ದಿನಾ ಮಧ್ಯಾಹ್ನ ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಮಾರುಕಟ್ಟೆ ದರದ ಪಟ್ಟಿ ನೋಡಬೇಕು. ಒಂದು ದಿನ ಫೋನು ಬಂತು.

“ತಂಗೀ, ಅಕ್ಷರೆಲ್ಲಾ ಕುಂಬಳಕಾಯಷ್ಟು ಆಗೋಜು. ಬಲಬದಿ ಎಂತದೂ ಕಾಣ್ತಿಲ್ಲೆ. ಮೇಲಿದ್ದ ಮೆನುನೂ ಇಲ್ಲೆ. ಎಂತ ಮಾಡವು?”

ಫೋಟೋ ಬಂತು. ಕ್ರೋಮ್‌ನ ಭೂತಗನ್ನಡಿ ಇತ್ತು. ಪಟ್ಟಿಯಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು, ಕೋಕಾ ಎಂಬ ಅಡಿಕೆ ಬಗೆಗಳ ಹೆಸರುಗಳಿದ್ದವು, ಪಕ್ಕದಲ್ಲಿ ಆವಕ, ಕನಿಷ್ಠ ದರ. ಅಲ್ಲಿಗೆ ಪರದೆ ಮುಗಿದಿತ್ತು. ಗರಿಷ್ಠ ದರ ಮತ್ತು ಮಾದರಿ ದರ (ಹೆಚ್ಚಿನ ಮಾಲು ಮಾರಾಟವಾದ ದರ) ಎರಡೂ ಬಲಗಡೆ ಗೋಡೆಯಾಚೆ. ಅಪ್ಪಚ್ಚಿ ಕನಿಷ್ಠ ದರವನ್ನೇ ಇವತ್ತಿನ ದರ ಎಂದು ಓದಿಕೊಂಡು ಮಾರುಕಟ್ಟೆ ಕುಸಿದಿದೆ ಎಂದು ತೀರ್ಮಾನಿಸಿದ್ದರು. ನಾಲ್ಕು ಮನೆಗೆ ಸುದ್ದಿಯೂ ಮುಟ್ಟಿತ್ತು.

ಆದದ್ದು ಇಷ್ಟು. ಅವರ ಪರದೆಯ ಅಗಲ 1366. ಝೂಮ್ ಏರಿಸಿದಾಗ ಪುಟಕ್ಕೆ ಸಿಗುವ ಅಗಲವನ್ನು ಬ್ರೌಸರ್ ಅದರಿಂದ ಭಾಗಿಸುತ್ತದೆ. 125ರಲ್ಲಿ ಅದು 1092 ಪಿಕ್ಸೆಲ್, 150ರಲ್ಲಿ 910, 175ರಲ್ಲಿ 780. ಪುಟ ಮಾಡುವವರು ಇಂತಿಷ್ಟಕ್ಕಿಂತ ಕಡಿಮೆ ಅಗಲ ಇದ್ದರೆ ಮೊಬೈಲ್ ರೂಪ ತೋರಿಸು ಎಂದು ಗೆರೆ ಎಳೆದಿರುತ್ತಾರೆ. ಪುಟ ಕಟ್ಟಲು ಬಹಳ ಜನ ಬಳಸುವ ಬೂಟ್‌ಸ್ಟ್ರ್ಯಾಪ್ ಎಂಬ ಸಿದ್ಧ ಚೌಕಟ್ಟಿನಲ್ಲಿ ಅಂಥ ಗೆರೆಗಳು 768, 992, 1200ರಲ್ಲಿವೆ. 125ರಿಂದ 150ಕ್ಕೆ ಹೋದಾಗ ಅಪ್ಪಚ್ಚಿ 992ರ ಗೆರೆ ದಾಟಿದರು. ಬ್ರೌಸರ್‌ಗೆ ಅವರು ಟ್ಯಾಬ್ಲೆಟ್ ಹಿಡಿದವರಂತೆ ಕಂಡರು. ಮೆನು ಮಡಚಿಕೊಂಡು ಮೂಲೆಯಲ್ಲಿ ಮೂರು ಅಡ್ಡಗೆರೆಯಾಗಿ ಕೂತಿತು. ಇಪ್ಪತ್ತರ ಹುಡುಗರಿಗೆ ಆ ಮೂರು ಗೆರೆ ಮೆನು ಎಂದು ಹುಟ್ಟುತ್ತಲೇ ಗೊತ್ತು, ಎಪ್ಪತ್ತರವರಿಗೆ ಅದು ಬರೀ ಮೂರು ಗೆರೆ. ಮೆನು ಮಾಯವಾಯಿತೆಂದು ಯಾರಾದರೂ ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ, ಮೂಲೆಯಲ್ಲಿ ಗೆರೆ ಇದೆಯೇ ಎಂದು.

ದರದ ಪಟ್ಟಿಯದು ಬೇರೆ ಕಥೆ. ಪುಟದ ಉಳಿದ ಭಾಗ ಕುಗ್ಗಿ ಹೊಂದಿಕೊಂಡರೂ ಪಟ್ಟಿಗೆ ಯಾರೋ ಗಟ್ಟಿ ಅಗಲ ಕೊಟ್ಟುಬಿಟ್ಟಿದ್ದರು, ಅದು ಜಗ್ಗಲಿಲ್ಲ. ಅಡ್ಡ ಸರಿಸುವ ಸ್ಕ್ರೋಲ್‌ಬಾರ್ ಪುಟದ ಕಟ್ಟಕಡೆಗೆ ಇತ್ತು, ಅಲ್ಲಿಯವರೆಗೆ ಇಳಿದು ನೋಡುವವರು ಯಾರು? ಶಿಫ್ಟ್ ಹಿಡಿದು ಮೌಸಿನ ಗಾಲಿ ತಿರುಗಿಸಿದರೆ ಪುಟ ಅಡ್ಡಡ್ಡ ಸರಿಯುತ್ತದೆ ಎಂದು ಅಪ್ಪಚ್ಚಿಗೆ ಹೇಳಿಕೊಟ್ಟೆ. ಗರಿಷ್ಠ ದರ ಕಂಡಿತು. ಚಾಲಿ ಬಿದ್ದಿರಲಿಲ್ಲ.

ಆಗ ನಾನು ಕಂಟ್ರೋಲ್-ಸೊನ್ನೆ ಹೇಳಬಹುದಿತ್ತು. ಪಟ್ಟಿ ಪೂರ್ತಿ ಕಾಣುತ್ತಿತ್ತು, ಅಂಕಿ ಮಾತ್ರ ಓದಲು ಬರುತ್ತಿರಲಿಲ್ಲ. ದರ ಓದಲಾಗದ ದರಪಟ್ಟಿ ಅವರಿಗೆ ಯಾತಕ್ಕೆ?

ಇನ್ನೊಂದು ದೂರು ಮೇಲಿಂದ ಮೇಲೆ ಬರುತ್ತದೆ: ಮೊದಲ ಪುಟದಲ್ಲಿ ಅಕ್ಷರ ದೊಡ್ಡದಿತ್ತು, ಲಾಗಿನ್ ಒತ್ತಿದ ಕೂಡಲೇ ಇರುವೆಯ ಸಾಲು. ಇದು ಕಾಟ ಕೊಡುವುದಕ್ಕೆಂದೇ ಮಾಡಿದ್ದಲ್ಲ. ನೀವು ಬದಲಿಸಿದ ಝೂಮ್ ಅನ್ನು ಕ್ರೋಮ್ ಆಯಾ ಜಾಲತಾಣದ ಹೆಸರಿನ ಲೆಕ್ಕದಲ್ಲಿ ನೆನಪಿಟ್ಟುಕೊಳ್ಳುತ್ತದೆ. ಮುಖಪುಟದ ವಿಳಾಸ ಒಂದು, ಲಾಗಿನ್ ಪುಟದ ವಿಳಾಸದ ಮುಂಭಾಗ ಇನ್ನೊಂದು ಎಂದಾದರೆ ಅದರ ಮಟ್ಟಿಗೆ ಅವು ಎರಡು ಬೇರೆ ಮನೆ. ಹಣ ಕಟ್ಟುವ ಪುಟ ಮೂರನೆಯದು. ನೋಡುವವರಿಗೆ ಎಲ್ಲವೂ ಒಂದೇ ಕಚೇರಿ. ಇದಕ್ಕೆ ಜಾಲತಾಣ ಜಾಲತಾಣಕ್ಕೆ ಝೂಮ್ ಮಾಡುತ್ತ ಕೂರುವುದಕ್ಕಿಂತ, ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಅಪಿಯರೆನ್ಸ್ ಎಂಬಲ್ಲಿ ಪೇಜ್ ಝೂಮ್ ಅನ್ನು 125ಕ್ಕೆ ಇಟ್ಟುಬಿಟ್ಟರೆ ಹೊಸ ಮನೆಗಳೆಲ್ಲ 125ರಿಂದಲೇ ಶುರುವಾಗುತ್ತವೆ. ಫೈರ್‌ಫಾಕ್ಸ್‌ನಲ್ಲಿ ಜನರಲ್ ವಿಭಾಗದಲ್ಲೇ ಡೀಫಾಲ್ಟ್ ಝೂಮ್ ಸಿಗುತ್ತದೆ. ಅಂದಹಾಗೆ ಕಂಟ್ರೋಲ್-ಸೊನ್ನೆ ಒತ್ತಿದರೆ ಪುಟ ಮರಳುವುದು ಈ ಡೀಫಾಲ್ಟ್ ಅಂಕಿಗೆ. ಡೀಫಾಲ್ಟ್ 125 ಇಟ್ಟ ಮೇಲೆ ಸೊನ್ನೆ ಒತ್ತಿ ಎನ್ನುವವರ ಸಲಹೆಯೂ ನಿರುಪದ್ರವಿ. ನಾನು ಹಿರಿಯರ ಕಂಪ್ಯೂಟರ್ ಮುಟ್ಟಿದಾಗ ಮೊದಲು ಮಾಡುವ ಕೆಲಸ ಇದು. ಯಾವುದೋ ಕಾಲದಲ್ಲಿ 50ಕ್ಕೋ 300ಕ್ಕೋ ಸಿಕ್ಕಿಬಿದ್ದ ಹಳೆಯ ಜಾಲತಾಣಗಳಿದ್ದರೆ ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನ ಒಳಗೆ ಝೂಮ್ ಲೆವೆಲ್ಸ್ ಎಂಬ ಪಟ್ಟಿಯಿದೆ, ಅಲ್ಲಿಂದ ಅಳಿಸಬಹುದು.

ಇದರ ತಿರುಗಾಮುರುಗಾ ನಮ್ಮೂರ ಬಸ್ ನಿಲ್ದಾಣದ ಆಸುಪಾಸಿನ ಝೆರಾಕ್ಸ್ ಅಂಗಡಿಗಳಲ್ಲಿ ನಡೆಯುತ್ತದೆ. ಆನ್‌ಲೈನ್ ಅರ್ಜಿ ತುಂಬಿಕೊಡುವ ಹುಡುಗರು ಪುಟವನ್ನು 67ಕ್ಕೋ 75ಕ್ಕೋ ಇಳಿಸಿಕೊಂಡು ಕೆಲಸ ಮಾಡುತ್ತಾರೆ. ಅವರಿಗೆ ಬೇರೆ ದಾರಿಯಿಲ್ಲ. ಅರ್ಜಿಯ ನಡುವೆ ತೆರೆದುಕೊಳ್ಳುವ ಪುಟ್ಟ ಕಿಟಕಿಯ ‘ಸಲ್ಲಿಸಿ’ ಬಟನ್ ಪರದೆಯ ಕೆಳಗೆ ಹೂತಿರುತ್ತದೆ, ಆ ಕಿಟಕಿಗೆ ಸರಿಸುವ ಸೌಲಭ್ಯವಿಲ್ಲ. ಝೂಮ್ ಇಳಿಸಿದರೆ ಬಟನ್ ಮೇಲೆ ಬರುತ್ತದೆ. ಒತ್ತುವ ಮೊದಲು ಪರದೆಯನ್ನು ಗಿರಾಕಿಯತ್ತ ತಿರುಗಿಸಿ “ಎಲ್ಲ ಸರಿ ಇದೆಯಾ ನೋಡಿ” ಎನ್ನುತ್ತಾರೆ. ಎದುರಿನವರು ಕಣ್ಣು ಕಿರಿದು ಮಾಡಿ ಒಂದು ಕ್ಷಣ ನೋಡಿ “ಸರಿ ಇದ್ದು” ಎನ್ನುತ್ತಾರೆ. ಅವರಿಗೆ ಏನೂ ಕಂಡಿರುವುದಿಲ್ಲ. ಆಧಾರ್‌ನಲ್ಲಿ ಹೆಗಡೆ, ಅರ್ಜಿಯಲ್ಲಿ ಹೆಗ್ಡೆ. ಸರ್ವೆ ನಂಬರಿನ ಮುಂದಿನ ಹಿಸ್ಸಾ 2ರ ಬದಲು 3. ತಿಂಗಳ ಮೇಲೆ ಅರ್ಜಿ ತಿರಸ್ಕಾರವಾದಾಗ ಬೈಗುಳ ಯಾರಿಗೆ ಬೀಳುತ್ತದೆ ಎಂದು ಹೇಳಬೇಕಾಗಿಲ್ಲ. ಹುಡುಗರಿಗೆ ನನ್ನ ವಿನಂತಿ ಇಷ್ಟೇ: ತೋರಿಸುವಾಗ ಒಮ್ಮೆ 150ಕ್ಕೆ ಏರಿಸಿ ತೋರಿಸಿ, ಹೆಸರು ಮತ್ತು ನಂಬರನ್ನು ಗಟ್ಟಿಯಾಗಿ ಓದಿ ಹೇಳಿ. ಹೂತ ಬಟನ್‌ಗೆ ಇನ್ನೊಂದು ಉಪಾಯವೂ ಇದೆ. ಕೊನೆಯ ಖಾನೆಯಲ್ಲಿ ಕ್ಲಿಕ್ ಮಾಡಿ ಟ್ಯಾಬ್ ಬಟನ್ ಒತ್ತುತ್ತ ಹೋದರೆ ಆಯ್ಕೆ ಮುಂದಿನ ಬಟನ್‌ಗೆ ಸರಿಯುತ್ತದೆ, ಆಗ ಎಂಟರ್ ಒತ್ತಬಹುದು. ಆದರೆ ಕಾಣದ ಬಟನ್ ಒತ್ತುವಾಗ ‘ರದ್ದುಮಾಡಿ’ ಒತ್ತಿ ಹೋಗುವ ಅಪಾಯ ಇದ್ದೇ ಇದೆ. ಎಫ್11 ಒತ್ತಿ ಪರದೆ ಪೂರ್ತಿ ಮಾಡಿಕೊಂಡರೆ ಟ್ಯಾಬ್, ಅಡ್ರೆಸ್ ಬಾರ್‌ಗಳ ಜಾಗ ಪುಟಕ್ಕೆ ಸಿಕ್ಕಿ, ಎಷ್ಟೋ ಸಲ ಅಷ್ಟರಲ್ಲೇ ಬಟನ್ ಮೇಲೇಳುತ್ತದೆ.

ಘಟ್ಟದ ಕೆಳಗೆ ತೊಂದರೆಯ ಮೂಲವೇ ಬೇರೆ ಇರಬಹುದು. ಕಾರವಾರದ ಕೋಡಿಬಾಗದಲ್ಲಿ ನನ್ನ ಗೆಳತಿಯೊಬ್ಬಳಿದ್ದಾಳೆ. ಮಳೆಗಾಲದಲ್ಲಿ ಅವಳ ಫೋನು. “ಪುಟ ಮೇಲೆ ಕೆಳಗೆ ಮಾಡೂಕೇ ಆಗೂದಿಲ್ಲ ಮಾರಾಯ್ತಿ, ಗಾಲಿ ತಿರುಗಿಸಿದ್ರೆ ಉಬ್ಬತದೆ, ಇಲ್ಲಾ ಕುಗ್ಗತದೆ.” ಅವಳು ಬ್ರೌಸರ್ ಬದಲಿಸಿ ನೋಡಿದ್ದಳು, ಅದರಲ್ಲೂ ಹಾಗೇ. ಬೇರೆ ಬೇರೆ ಬ್ರೌಸರ್‌ನಲ್ಲಿ ಒಂದೇ ತೊಂದರೆ ಇದ್ದರೆ ಬ್ರೌಸರ್ ಬಿಟ್ಟು ಕೆಳಗೆ ಇಳಿಯಬೇಕು. ಲಿಂಕ್ ಒತ್ತಿದರೆ ಹೊಸ ಟ್ಯಾಬ್‌ನಲ್ಲಿ ತೆರೆಯುತ್ತದೆಯೇ ಎಂದು ಕೇಳಿದೆ, ಹೌದು. ಎಸ್ ಅಕ್ಷರ ಒತ್ತಿದರೆ? ಸೇವ್ ಮಾಡುವ ಕಿಟಕಿ ಬರುತ್ತದೆ. ಅಲ್ಲಿಗೆ ಕಂಟ್ರೋಲ್ ಬಟನ್ ಒತ್ತಿದಂತೆಯೇ ಉಳಿದಿದೆ ಎಂದಾಯಿತು. ಕಂಟ್ರೋಲ್ ಒತ್ತಿದ್ದಾಗ ಗಾಲಿ ತಿರುಗಿಸಿದರೆ ಬ್ರೌಸರ್ ಝೂಮ್ ಮಾಡಲೇಬೇಕು, ಅದು ಅದರ ಧರ್ಮ.

ಹೀಗಾಗಲು ಎರಡು ಕಾರಣ. ಒಂದು, ಸ್ಟಿಕಿ ಕೀಸ್, ಅಂದರೆ ಕಂಟ್ರೋಲ್, ಶಿಫ್ಟ್‌ನಂಥ ಬಟನ್‌ಗಳನ್ನು ಹಿಡಿದುಕೊಳ್ಳದೆಯೇ ಬಳಸಲು ವಿಂಡೋಸ್ ಕೊಟ್ಟ ಸೌಲಭ್ಯ. ಶಿಫ್ಟ್ ಅನ್ನು ಐದು ಸಲ ಒತ್ತಿದರೆ ವಿಂಡೋಸ್ ಇದನ್ನು ಶುರುಮಾಡಲೇ ಎಂದು ಕೇಳುತ್ತದೆ, ಓದದೆ ಹೌದು ಎಂದರೆ ಮುಗಿಯಿತು. ಆಮೇಲೆ ಕಂಟ್ರೋಲ್ ಅನ್ನು ಎರಡು ಸಲ ಒತ್ತಿದರೆ ಅದು ಕಚ್ಚಿಕೊಂಡು ನಿಲ್ಲುತ್ತದೆ. ಇನ್ನೊಮ್ಮೆ ಒತ್ತಿದರೆ ಬಿಡುತ್ತದೆ. ಗೆಳತಿಯದು ಇದಲ್ಲ, ಎರಡನೆಯದು: ಕಡಲ ದಂಡೆಯ ಉಪ್ಪುಗಾಳಿ ಮತ್ತು ಆಷಾಢದ ತೇವ. ಕಿಟಕಿ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವವರ ಕೀಬೋರ್ಡಿನ ಒಳಪದರಕ್ಕೆ ತುಕ್ಕು ಹತ್ತುವುದು ಕರಾವಳಿಯಲ್ಲಿ ಹೊಸತಲ್ಲ. ಕಾರವಾರದಿಂದ ಭಟ್ಕಳದವರೆಗೆ ಯಾವ ರಿಪೇರಿ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ. ಯುಎಸ್‌ಬಿ ಕೀಬೋರ್ಡ್ ಚುಚ್ಚಿದರೂ ಒಳಗಿನ ಕಂಟ್ರೋಲ್ ಒತ್ತಿಕೊಂಡೇ ಇರುವುದರಿಂದ ತೊಂದರೆ ಹೋಗಲಿಲ್ಲ. ಕೊನೆಗೆ ಕೀಬೋರ್ಡನ್ನೇ ಬದಲಿಸಬೇಕಾಯಿತು.

ಕನ್ನಡ ಪುಟಗಳ ಗೋಳು ಪ್ರತ್ಯೇಕ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಮಾಡಿ ಕಟ್ಟಿದ ಪೆಟ್ಟಿಗೆಯಲ್ಲಿ ಕನ್ನಡ ಕೂರಿಸುತ್ತಾರೆ. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತು, ಒತ್ತಿನ ಕೆಳಗೆ ಇನ್ನೊಂದು ಒತ್ತು. ‘ರಾಷ್ಟ್ರೀಯ’ ಎಂದು ಬರೆಯಲು ಎಷ್ಟು ಆಳ ಬೇಕು ನೋಡಿ. ಬಟನ್‌ನ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿ ಮಾಡಿಟ್ಟಿದ್ದರೆ ‘ಸಲ್ಲಿಸಿ’ಯ ಒತ್ತು ಕತ್ತರಿಸಿಹೋಗುತ್ತದೆ. ಇಡೀ ಪುಟವನ್ನೇ ಹಿಗ್ಗಿಸುವ ಝೂಮ್‌ನಲ್ಲಿ ಪೆಟ್ಟಿಗೆಯೂ ಜೊತೆಗೆ ಬೆಳೆಯುವುದರಿಂದ ಇದು ಅಷ್ಟು ಕಾಣುವುದಿಲ್ಲ. ಅಕ್ಷರ ಮಾತ್ರ ಬೆಳೆದಾಗ ಬಣ್ಣ ಬಯಲಾಗುತ್ತದೆ. ಫೈರ್‌ಫಾಕ್ಸ್‌ನಲ್ಲಿ ‘ಝೂಮ್ ಟೆಕ್ಸ್ಟ್ ಓನ್ಲಿ’ ಎಂಬ ಗುರುತು ಬಿದ್ದಿದ್ದರೆ, ಕ್ರೋಮ್‌ನಲ್ಲಿ ಫಾಂಟ್ ಗಾತ್ರ ಏರಿಸಿದ್ದರೆ ಅಕ್ಷರಗಳು ಒಂದರ ಮೇಲೊಂದು ಹತ್ತುತ್ತವೆ. ಹಿಂದೆ ಹೆಚ್ಚಿನವರ ಪಾಡೂ ಇದೇ ಆಗಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಇಡೀ ಪುಟದ ಝೂಮ್ ಬಂದದ್ದು 2006ರ ಏಳನೇ ಆವೃತ್ತಿಯಲ್ಲಿ, ಫೈರ್‌ಫಾಕ್ಸ್‌ಗೆ 2008ರ ಮೂರನೇ ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಇವೆರಡರಲ್ಲಿ ಇದ್ದದ್ದು ಅಕ್ಷರ ಗಾತ್ರದ ಆಯ್ಕೆ ಮಾತ್ರ.

ಫಾಂಟ್ ಕೂಡ ಒಂದೇ ಅಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ತುಂಗಾ ಇತ್ತು, ವಿಂಡೋಸ್ 8ರಿಂದ ನಿರ್ಮಲಾ ಬಂತು, ಆ್ಯಂಡ್ರಾಯ್ಡ್‌ನಲ್ಲಿ ನೋಟೋ. ಒಂದೇ 16 ಪಿಕ್ಸೆಲ್‌ನಲ್ಲಿ ಮೂರೂ ಬೇರೆ ಬೇರೆ ಎತ್ತರಕ್ಕೆ ಕಾಣುತ್ತವೆ, ತುಂಗಾ ಅಂತೂ ಪಕ್ಕದ ಇಂಗ್ಲಿಷ್ ಅಕ್ಷರದ ಮುಂದೆ ಸೊರಗಿರುತ್ತದೆ. ಹಾಗಾಗಿ ಇಂಗ್ಲಿಷ್ ಓದಬಹುದು, ಕನ್ನಡ ಓದಲಾಗದು ಎನ್ನುವವರಿಗೆ ನಾನು ಝೂಮ್ ಹೇಳುವುದಿಲ್ಲ. ಫೈರ್‌ಫಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಫಾಂಟ್ಸ್ ಎಂಬಲ್ಲಿ ಅಡ್ವಾನ್ಸ್ಡ್ ಒತ್ತಿದರೆ ಲಿಪಿಗಳ ಪಟ್ಟಿ ತೆರೆಯುತ್ತದೆ, ಅದರಲ್ಲಿ ಕನ್ನಡ ಆರಿಸಿ ಕನ್ನಡಕ್ಕೆ ಮಾತ್ರ ಬೇರೆ ಫಾಂಟ್, ಬೇರೆ ಕನಿಷ್ಠ ಗಾತ್ರ ಇಡಬಹುದು. ನನಗೆ ಫೈರ್‌ಫಾಕ್ಸ್ ಮೇಲೆ ಪ್ರೀತಿ ಉಳಿಯಲು ಇದೊಂದೇ ಸಾಕು. ಆದರೆ ಇದು ಕೆಲಸ ಮಾಡಬೇಕಾದರೆ ಪುಟ ಮಾಡಿದವರು ಇದು ಕನ್ನಡ ಪುಟ ಎಂದು ಪುಟದ ತಲೆಯಲ್ಲೇ ಭಾಷೆಯ ಸಂಕೇತ ಬರೆದಿರಬೇಕು. ಎಷ್ಟೋ ಕನ್ನಡ ಪುಟಗಳು ಒಳಗೊಳಗೆ ತಮ್ಮನ್ನು ಇಂಗ್ಲಿಷ್ ಎಂದೇ ಹೇಳಿಕೊಂಡಿರುತ್ತವೆ, ಏಕೆಂದರೆ ಎಲ್ಲಿಂದಲೋ ಎತ್ತಿ ತಂದ ಮಾದರಿಯಲ್ಲಿ ಹಾಗೆ ಬರೆದಿತ್ತು.

ಇಲ್ಲಿಗೆ ಬಂದರೆ ನನ್ನ ಸ್ವಂತ ಕಸುಬಿನವರ ಮೇಲೆ ಸಿಟ್ಟು ಬರುತ್ತದೆ. ಝೂಮ್ ಮಾಡಿದರೆ ಪುಟ ಒಡೆಯುತ್ತದೆ ಎಂದರೆ ತಪ್ಪು ಝೂಮ್ ಮಾಡಿದವರದ್ದಲ್ಲ. ವೆಬ್‌ನ ಸುಲಭಬಳಕೆಗೆ ಜಗತ್ತು ಒಪ್ಪಿದ ಡಬ್ಲ್ಯೂಸಿಎಜಿ ಎಂಬ ಮಾರ್ಗಸೂಚಿಯ 2008ರ ಆವೃತ್ತಿಯೇ, ಅಕ್ಷರವನ್ನು 200 ಪರ್ಸೆಂಟಿಗೆ ಏರಿಸಿದರೂ ಪುಟದ ಯಾವ ಮಾಹಿತಿಯೂ, ಯಾವ ಕೆಲಸವೂ ಕೈತಪ್ಪಬಾರದು ಎಂದಿತ್ತು. 2018ರ ಆವೃತ್ತಿ ಇನ್ನೂ ಮುಂದೆ ಹೋಗಿ, ಅಗಲ 320 ಪಿಕ್ಸೆಲ್‌ಗೆ ಇಳಿದರೂ ಅಡ್ಡ ಸರಿಸುವ ಗೊಡವೆಯಿಲ್ಲದೆ ಓದಲು ಬರಬೇಕು ಎಂದಿತು. 1280ರ ಪರದೆಯನ್ನು 400ಕ್ಕೆ ಏರಿಸಿದರೆ ಸಿಗುವುದು ಸರಿಯಾಗಿ 320. ಅಪ್ಪಚ್ಚಿಯ ದರಪಟ್ಟಿಯಂಥ ಕೋಷ್ಟಕಗಳಿಗೆ, ನಕ್ಷೆಗಳಿಗೆ ವಿನಾಯಿತಿ ಇದೆ, ಅವು ಅಡ್ಡ ಸರಿಯಬಹುದು. ಆದರೆ ಕೋಷ್ಟಕ ತನ್ನದೇ ಪೆಟ್ಟಿಗೆಯೊಳಗೆ, ಕಣ್ಣಿಗೆ ಕಾಣುವಂತೆ ಸರಿಯಲಿ. ಇಡೀ ಪುಟವನ್ನು ಏಕೆ ಎಳೆದಾಡಬೇಕು? ನಮ್ಮ ದೇಶದಲ್ಲೂ ಸರ್ಕಾರಿ ಜಾಲತಾಣಗಳಿಗೆ 2009ರಿಂದ ಮಾರ್ಗಸೂಚಿ ಇದೆ, 2023ರ ಮೂರನೇ ಆವೃತ್ತಿ ಈ 2018ರ ನಿಯಮಗಳನ್ನೇ ಹಿಡಿದು ಬರೆದದ್ದು. ಜಾರಿಗೆ ಬಂದದ್ದು ಮಾತ್ರ ಹೆಚ್ಚಾಗಿ ಪುಟದ ನೆತ್ತಿಯ ಮೇಲೆ ಸಾಲಾಗಿ ನಿಂತ ಸಣ್ಣ ಎ, ಮಧ್ಯಮ ಎ, ದೊಡ್ಡ ಎ ಬಟನ್‌ಗಳಾಗಿ. ಒತ್ತಿ ನೋಡಿದವರಿಗೆ ಗೊತ್ತು, ಎರಡು ಶೀರ್ಷಿಕೆ ಒಂದಿಷ್ಟು ಉಬ್ಬುತ್ತವೆ, ಅರ್ಜಿಯ ಖಾನೆಗಳು ಇದ್ದಲ್ಲೇ ಇರುತ್ತವೆ. ಬ್ರೌಸರ್‌ನ ಝೂಮ್‌ಗೆ ಅಡ್ಡಿ ಮಾಡದಿದ್ದರೆ ಸಾಕಿತ್ತು, ಈ ಅಲಂಕಾರ ಬೇಕಿರಲಿಲ್ಲ.

ಅಡ್ಡಿ ಮಾಡುವವರು ಇದ್ದಾರೆ. ಹೋಮ್‌ಸ್ಟೇ ನಡೆಸುವ ಒಬ್ಬ ಗಿರಾಕಿ, ಮೊಬೈಲಿನಲ್ಲಿ ಪುಟ ಹಿಗ್ಗಿಸಲು ಬರದಂತೆ ಮಾಡಿಕೊಡಿ, ಆ್ಯಪ್ ಥರ ಗಟ್ಟಿಯಾಗಿ ಕೂತಿರಲಿ ಎಂದರು. ಪುಟದ ತಲೆಯಲ್ಲಿ ಒಂದು ಸಾಲು ಬರೆದರೆ ಅದು ಆಗುತ್ತದೆ. ನಾನು ಬರೆಯಲಿಲ್ಲ. ರೂಮಿನ ಬಾಡಿಗೆಯನ್ನೂ ರದ್ದತಿ ನಿಯಮವನ್ನೂ ಹಿಗ್ಗಿಸಿ ಓದಬೇಕಾದವರು ನಿಮಗೆ ಹಣ ಕೊಡುವವರೇ ಅಲ್ಲವೇ ಎಂದು ಕೇಳಿದ ಮೇಲೆ ಅವರು ಸುಮ್ಮನಾದರು. ಬೇರೆ ಯಾರೋ ಬರೆದಿಟ್ಟ ಅಂಥ ಪುಟಗಳನ್ನು ಐಫೋನ್‌ನ ಸಫಾರಿ 2016ರಿಂದ ಕಿವಿಗೇ ಹಾಕಿಕೊಳ್ಳುತ್ತಿಲ್ಲ, ಬೆರಳು ಅಗಲಿಸಿದರೆ ಹಿಗ್ಗಿಸಿಯೇ ಹಿಗ್ಗಿಸುತ್ತದೆ. ಆ್ಯಂಡ್ರಾಯ್ಡ್‌ನ ಕ್ರೋಮ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಗೆ ಹೋಗಿ, ಜಾಲತಾಣ ಬೇಡವೆಂದರೂ ಝೂಮ್ ಬಿಡು ಎಂಬ ಆಯ್ಕೆಯನ್ನು ನಾವೇ ಹಾಕಿಕೊಳ್ಳಬೇಕು.

ನಾನು ಮಾಡುವ ಪುಟಗಳನ್ನು ಒಪ್ಪಿಸುವ ಮೊದಲು 200ರಲ್ಲೂ 400ರಲ್ಲೂ ತೆರೆದು ನೋಡುತ್ತೇನೆ. ಅಲ್ಲಿ ಬಯಲಾಗುವ ದೊಡ್ಡ ಪೀಡೆ, ನೆತ್ತಿಗೆ ಅಂಟಿಕೊಂಡ ಪಟ್ಟಿ. ನೂರರಲ್ಲಿ ಚೆಂದ ಕಾಣುವ ಲೋಗೋ-ಮೆನು-ಫೋನ್ ನಂಬರಿನ ಸಾಲು, 200ರಲ್ಲಿ ಸಣ್ಣ ಲ್ಯಾಪ್‌ಟಾಪಿನ ಮೂರನೇ ಒಂದು ಪಾಲು ನುಂಗಿ ಕೂರುತ್ತದೆ. ಕೆಳಗಿನಿಂದ ಕುಕೀ ಒಪ್ಪಿಗೆಯ ಪಟ್ಟಿಯೂ ಎದ್ದರೆ ಓದಲು ಉಳಿಯುವುದು ನಾಲ್ಕು ಸಾಲಿನ ಕಿಂಡಿ.

ಚಿಲ್ಲರೆ ಕಾರಣಗಳೂ ಇವೆ. ಪುಟದ ಅರ್ಧ ಬಣ್ಣ ಬಳಿಯದೆ ಕಪ್ಪಾಗಿ ಉಳಿದರೆ, ಝೂಮ್ ಮಾಡಿದಾಗ ತುಂಡು ತುಂಡು ಕಂಡರೆ ಬ್ರೌಸರ್‌ನ ಗ್ರಾಫಿಕ್ಸ್ ಆ್ಯಕ್ಸೆಲರೇಶನ್ ಒಮ್ಮೆ ನಿಲ್ಲಿಸಿ ನೋಡಿ. ಇನ್‌ಕಾಗ್ನಿಟೋ ಕಿಟಕಿಯಲ್ಲಿ ಸರಿಯಿದ್ದು ಮಾಮೂಲಿ ಕಿಟಕಿಯಲ್ಲಿ ಕೆಟ್ಟಿದ್ದರೆ ಹೆಚ್ಚಾಗಿ ಬ್ರೌಸರ್‌ಗೆ ಸೇರಿಸಿಕೊಂಡ ಯಾವುದೋ ಎಕ್ಸ್‌ಟೆನ್ಶನ್ ಕೈಯಾಡಿಸುತ್ತಿರುತ್ತದೆ. ಲೇಖನ ಓದುವುದಷ್ಟೇ ಆಗಬೇಕಿದ್ದರೆ ಇಷ್ಟೆಲ್ಲ ಪಡಿಪಾಟಲು ಬೇಡವೇ ಬೇಡ. ವಿಂಡೋಸ್‌ನಲ್ಲಿ ಫೈರ್‌ಫಾಕ್ಸ್‌ಗೂ ಎಡ್ಜ್‌ಗೂ ಎಫ್9 ಒತ್ತಿದರೆ ಓದುವ ನೋಟ ತೆರೆಯುತ್ತದೆ. ಜಾಹೀರಾತು, ಮೆನು ಎಲ್ಲ ಹೋಗಿ ಬರಹ ಮಾತ್ರ ಉಳಿಯುತ್ತದೆ, ಅಕ್ಷರ ಎಷ್ಟು ಬೇಕೋ ಅಷ್ಟು ಏರಿಸಬಹುದು. ಎಲ್ಲ ಪುಟಕ್ಕೂ ಇದು ಸಿಗುವುದಿಲ್ಲ, ಲೇಖನ ಎಂದು ಬ್ರೌಸರ್‌ಗೆ ಗುರುತು ಸಿಕ್ಕಬೇಕು.

ಯಾವ ಝೂಮ್‌ಗೂ ಬಗ್ಗದ್ದು ಫೋಟೋ ಹೊಡೆದು ಹಾಕಿದ ಸೂಚನೆಗಳು. ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ, ಕುಗ್ಗಿಸಿ ಏರಿಸಿದ ಪಿಡಿಎಫ್. ಅದರಲ್ಲಿ ಅಕ್ಷರವೇ ಇಲ್ಲ, ಚಿತ್ರ ಇದೆ. ದೊಡ್ಡದು ಮಾಡಿದಷ್ಟೂ ಮಸುಕು ದೊಡ್ಡದಾಗುತ್ತದೆ. ಪಿಡಿಎಫ್ ಬ್ರೌಸರ್‌ನಲ್ಲೇ ತೆರೆದಿದ್ದರೆ ಅದಕ್ಕೆ ಅದರದ್ದೇ ಬೇರೆ ಪ್ಲಸ್-ಮೈನಸ್, ‘ಫಿಟ್ ಟು ವಿಡ್ತ್’ ಇರುತ್ತವೆ, ಪುಟದ ಝೂಮ್ ಜೊತೆ ಅದನ್ನು ಗೊಂದಲ ಮಾಡಿಕೊಳ್ಳಬೇಡಿ. ತೀರಾ ಬೇಕೇ ಬೇಕಾದಾಗ ನಾನು ಆ ಕಡತವನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆಯುತ್ತೇನೆ, ಕನ್ನಡವನ್ನೂ ಅದು ಗುರುತು ಹಿಡಿದು ಅಕ್ಷರವಾಗಿ ಕೊಡುತ್ತದೆ. ಸರಳ ಬರಹವಾದರೆ ತಿದ್ದಿಕೊಂಡು ಓದಬಹುದು. ಕೋಷ್ಟಕವಿದ್ದರೆ ಕಾಲಂಗಳೆಲ್ಲ ಕಲಸಿ ಮೇಲೋಗರ, ಯಾವ ಹೆಸರಿನ ಮುಂದೆ ಯಾವ ಅಂಕಿ ಎಂದು ಮೂಲ ಚಿತ್ರದ ಜೊತೆ ತಾಳೆ ನೋಡದೆ ನಂಬುವಂತಿಲ್ಲ.